ಕಾಶಿಯಲ್ಲಿ ಬಿಟ್ಟ ತಪ್ಪಲ ಪಲ್ಯ

ಹೋದ ತಿಂಗಳು ಮನೆಯ ಕಾಗದಪತ್ರದ ಕೆಲಸವಿತ್ತೆಂದು ಬಹಳ ವರ್ಷಗಳ ಮೇಲೆ ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಇಳಿದೆ. ಹೊರಗೆ ರಿಕ್ಷಾಗಳು ನಿಲ್ಲುವ ಕಡೆ ಒಬ್ಬ ಮುದುಕಿ ಗೋಣಿಚೀಲದ ಮೇಲೆ ಮೆಂತ್ಯದ ಕಟ್ಟುಗಳನ್ನು ಹರವಿಕೊಂಡು ಕೂತಿದ್ದಳು. ನಾನು ದಾಟಿ ಹೋಗುವ ಹೊತ್ತಿಗೆ ಸರಿಯಾಗಿ ಕಟ್ಟುಗಳ ಮೇಲೆ ನೀರು ಚಿಮುಕಿಸಿದಳು. ಹಸಿ ಮೆಂತ್ಯದ ವಾಸನೆ ಎದ್ದಿತು. ಬೇರೆಯವರಿಗೆ ಆ ವಾಸನೆಗೆ ಬಿಸಿ ರೊಟ್ಟಿ ನೆನಪಾಗಬಹುದು. ನನಗೆ ಸಿಟ್ಟು ಬಂತು. ಇಪ್ಪತ್ತೈದು ವರ್ಷ ಮೀರಿತು, ಅಪ್ಪ ಹೋದರು, ಅವ್ವ ಹೋದಳು, ಸಿಟ್ಟು ಮಾತ್ರ ಹೋಗಿಲ್ಲ. ವಯಸ್ಸಾದಂತೆ ಎಲ್ಲ ಮೆತ್ತಗಾಗುತ್ತದೆ ಎಂದು ಹೇಳುವವರು ನನ್ನನ್ನು ನೋಡಿಲ್ಲ.

ಅದು 1997ರ ಮಳೆಗಾಲ. ನನಗೆ ವಾಗದರಿಯ ಕನ್ನಡ ಶಾಲೆಗೆ ವರ್ಗವಾಗಿತ್ತು. ಗಂಡನ ನೌಕರಿ ಸೋಲಾಪುರದಲ್ಲಿ, ಗಿರಣಿಯೊಂದರ ಆಫೀಸಿನಲ್ಲಿ. ದಿನಾ ಸೋಲಾಪುರದಿಂದ ಓಡಾಡುವುದು ಆಗದ ಮಾತು. ಹೀಗಾಗಿ ಸೋಮವಾರದಿಂದ ಶನಿವಾರ ಮಧ್ಯಾಹ್ನದವರೆಗೆ ಅಕ್ಕಲಕೋಟದ ತವರುಮನೆಯಲ್ಲಿ ಇರುವುದೆಂದು ಠರಾಯಿತು. ಮದುವೆಯಾಗಿ ಆರು ವರ್ಷದ ಮೇಲೆ ಮತ್ತೆ ತವರಿನ ಅನ್ನ, ಎಂಥ ಪುಣ್ಯ ನಿನ್ನದು ಎಂದು ಜೊತೆಯ ಶಿಕ್ಷಕಿಯರು ಕಾಡಿಸುತ್ತಿದ್ದರು. ಅವರು ಯಾರೂ ನಮ್ಮಪ್ಪನ ಜೊತೆ ಒಂದು ಹೊತ್ತು ಉಂಡವರಲ್ಲ.

ಅಪ್ಪ ಮೋಜಣಿ ಆಫೀಸಿನಲ್ಲಿ ನಕಾಶೆ ಬರೆಯುವವರಾಗಿದ್ದರು. ಸರಪಳಿ ಹಿಡಿದು ಹೊಲ ಅಳೆದವರು ತಂದ ಅಳತೆಗಳನ್ನು ಕಾಗದದ ಮೇಲೆ ಗೆರೆಗಳಾಗಿ ಇಳಿಸುವುದು ಅವರ ಕೆಲಸ. ಅಕ್ಕಲಕೋಟ ತಾಲೂಕಿನ ಅರ್ಧ ಹೊಲಗಳು ತನ್ನ ಕೈಯಿಂದಲೇ ಹುಟ್ಟಿವೆ ಎಂಬಂತೆ ಮಾತಾಡುತ್ತಿದ್ದರು. ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಹಳ್ಳಿಯ ಜನ ಮನೆಗೇ ಬಂದು ನಕಾಶೆ ಬರೆಸಿಕೊಂಡು ಹೋಗುತ್ತಿದ್ದರು. ಹೊರಗಿನ ಕೋಣೆಯ ಕಿಟಕಿಯ ಹತ್ತಿರ ಇಳಿಜಾರಾದ ಹಲಗೆ, ಅದರ ಮೇಲೆ ಗೆರೆ ಎಳೆಯುವ ಉಕ್ಕಿನ ಪಟ್ಟಿ, ನಿಬ್ಬಿನ ಪೆನ್ನು, ಕಪ್ಪು ಶಾಯಿ. ಪಕ್ಕದಲ್ಲಿ ಸಿಗರೇಟಿನ ಪಾಕೀಟು. ಗೆರೆ ಎಳೆದ ಮೇಲೆ ಕಾಗದವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗೆರೆಯ ಉದ್ದಕ್ಕೂ ನೋಡುವುದು ಅವರ ಚಟ. ಬಡಿಗೇರ ಕಟ್ಟಿಗೆಯ ಅಂಚು ನೋಡುವ ಹಾಗೆ. ಬೇರೆ ಯಾವ ಕೆಲಸಕ್ಕೂ ಅವರು ಆ ಕಣ್ಣನ್ನು ಒಂಟಿಯಾಗಿ ಬಳಸುತ್ತಿರಲಿಲ್ಲವಾದ್ದರಿಂದ ಬಲಗಣ್ಣಿನ ವಿಷಯ ಮೊದಲು ಗೊತ್ತಾದದ್ದು ಗೆರೆಗಳಿಗೆ.

ಜೂನ್ ತಿಂಗಳ ಒಂದು ಮುಂಜಾನೆ ಪಟ್ಟಿಯನ್ನು ಅಡುಗೆಮನೆಯ ಬಾಗಿಲಿಗೆ ಎಸೆದರು.

"ಏ, ಇದರಲೆ ಏನ್ ಮಾಡಿದಿ? ಹಾಲಿನ ಭಾಂಡೆ ಇಳಿಸಿದೇನು? ಪಟ್ಟಿ ಬಾಗೇದ ನೋಡು!"

"ನಾ ಮುಟ್ಟೇ ಇಲ್ರಿ ಅದನ್ನ," ಅಂದಳು ಅವ್ವ.

"ನೀ ಮುಟ್ಟಿಲ್ಲ, ನಿನ್ನ ಮಗಳು ಸುಧಾ ಮುಟ್ಟಿಲ್ಲ, ಮತ್ತ ಪಟ್ಟಿ ತಾನೇ ಬಾಗೇತೇನು?"

ಪಟ್ಟಿ ಬಾಗಿರಲಿಲ್ಲ. ನಾನು ಅದನ್ನು ಕಪಾಟಿನ ಗಾಜಿಗೆ ಹಚ್ಚಿ ನೋಡಿದೆ, ಕೂದಲು ತೂರುವಷ್ಟೂ ಸಂದಿ ಇರಲಿಲ್ಲ. ಹೇಳಿದೆ. ನಿನಗೇನು ತಿಳಿಯುತ್ತದೆ ಅಂದರು. ಶನಿವಾರ ಸೋಲಾಪುರಕ್ಕೆ ಹೋದಾಗ ಹೊಸ ಪಟ್ಟಿ ತಂದುಕೊಟ್ಟೆ. ಅದೂ ಬಾಗಿತ್ತು. ಮರುವಾರ ಮೂರನೆಯದು ತಂದೆ. ಈಗಿನ ಕಾರ್ಖಾನೆಯವರೆಲ್ಲ ಚೋರರು ಎಂದು ತೀರ್ಮಾನಿಸಿ ಪಟ್ಟಿಯನ್ನೇ ಬಿಟ್ಟರು. ಮೂವತ್ತು ವರ್ಷ ಪಳಗಿದ ಕೈಗೆ ಪಟ್ಟಿ ಯಾಕೆ ಬೇಕು ಎಂದು ಕೈಯಿಂದಲೇ ಗೆರೆ ಎಳೆಯತೊಡಗಿದರು. ಪಟ್ಟಿಯಿಂದ ಎಳೆದ ನೆಟ್ಟಗಿನ ಗೆರೆ ಅವರಿಗೆ ಸೊಟ್ಟ ಕಾಣುತ್ತಿತ್ತು. ಅದನ್ನು ತಿದ್ದಿ ಎಳೆದದ್ದು ಅವರಿಗೆ ನೆಟ್ಟಗೆ ಕಂಡಿತು, ಉಳಿದ ಲೋಕಕ್ಕೆಲ್ಲ ಸೊಟ್ಟ.

ಬೋರಾಮಣಿಯಿಂದ ಇಬ್ಬರು ಅಣ್ಣತಮ್ಮಂದಿರು ಬಂದಿದ್ದರು. ಹೊಲ ಪಾಲಾಗಿತ್ತು, ನಡುವಿನ ಬದುವಿನ ನಕಾಶೆ ಬೇಕಿತ್ತು. ಅಣ್ಣ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸಾಹೇಬ್ರ, ನಮ್ಮ ಬದು ಹಿಂಗ ಹೊಟ್ಟಿ ಬಂದಾಂಗ ಇಲ್ರಿ. ಸೀದಾ ಅದರಿ."

"ನಿನಗ ಗೊತ್ತೋ, ನನಗ ಗೊತ್ತೋ?"

"ನಿಮಗs ಗೊತ್ರಿ. ಆದ್ರ ಬದು ಸೀದಾ ಅದರಿ."

ಅವನು ಎಷ್ಟು ಮೆತ್ತಗೆ ಹೇಳಿದನೋ ಅಪ್ಪ ಅಷ್ಟು ಜೋರಾಗಿ ಕೂಗಾಡಿದರು. ಜಗಳವೇ ಇಲ್ಲದೆ ಪಾಲಾದ ಅಣ್ಣತಮ್ಮಂದಿರು ನಕಾಶೆ ಅಲ್ಲಿಯೇ ಬಿಟ್ಟು ನಮಸ್ಕಾರ ಮಾಡಿ ಎದ್ದು ಹೋದರು. ಅವತ್ತು ಸಂಜೆ ಅಪ್ಪ ಅಂಗಳದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ರಸ್ತೆಯ ಲೈಟಿನ ಕಂಬವೂ ನಡುವೆ ಬಾಗಿದೆ ಅಂದರು.

"ಅದನ್ನೂ ಅವ್ವ ಹಾಲಿನ ಭಾಂಡೆ ಇಳಿಸಾಕ ಒಯ್ದಿದ್ಲೇನ್ರಿ ಅಪ್ಪಾ?" ಅಂದೆ.

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಎರಡು ದಿನ ನನಗೆ ಬಹಳ ಸುಖವಾಯಿತು. ಮೂರನೆಯ ದಿನ ರಜೆ ಹಾಕಿ ಅವರನ್ನು ಸೋಲಾಪುರಕ್ಕೆ ಕರೆದುಕೊಂಡು ಹೋದೆ.

ಕಣ್ಣಿನ ಡಾಕ್ಟರು ಸಾತ್ ರಸ್ತೆಯ ಕಡೆ ಇದ್ದರು. ನಲವತ್ತರ ಆಸುಪಾಸಿನವರು, ಮರಾಠಿಯವರು, ತಾಳ್ಮೆಯವರು. ಅವ್ವನೂ ಬಂದಿದ್ದಳು. ಅಪ್ಪನ ಊಟದ ಡಬ್ಬಿ, ನೀರಿನ ಬಾಟಲಿ, ಕೈಚೀಲ ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ. ಅವಳು ಹೊರಗಿನ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಒಳಗೆ ಅಪ್ಪ ಡಾಕ್ಟರಿಗೆ ಮೊದಲ ಮಾತಿಗೇ "ಪಟ್ಟೀಚ್ ವಾಕಡೀ ಆಹೇ," ಪಟ್ಟಿಯೇ ಸೊಟ್ಟ ಇದೆ, ಅಂದರು. ಡಾಕ್ಟರು ನಗಲಿಲ್ಲ. ಕಣ್ಣಿಗೆ ಔಷಧ ಹಾಕಿ, ದೀಪ ಹಿಡಿದು ಬಹಳ ಹೊತ್ತು ನೋಡಿ, ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು.

ಕಣ್ಣಿನ ಹಿಂದೆ ಒಂದು ಪರದೆ ಇದೆ. ಅದರ ನಟ್ಟನಡುವೆ ಸಾಸಿವೆ ಕಾಳಿನಷ್ಟು ಜಾಗ. ಓದುವುದು, ಬರೆಯುವುದು, ಎದುರಿನವರ ಮುಖ ಗುರುತಿಸುವುದು, ಎಲ್ಲವೂ ಆ ಜಾಗದ ಕೆಲಸ. ವಯಸ್ಸಾದವರಲ್ಲಿ ಕೆಲವರಿಗೆ ಆ ನಡುವಿನ ಜಾಗ ಸವೆಯುತ್ತದೆ. ಮೊದಲು ಗೆರೆಗಳು ಬಾಗುತ್ತವೆ, ಆಮೇಲೆ ನಡುವೆ ಮಬ್ಬು, ಆಮೇಲೆ ನಡುವೆ ಏನೂ ಇಲ್ಲ. ಸುತ್ತಲಿನದು ಕಾಣುತ್ತದೆ, ನೋಡಬೇಕೆಂದದ್ದು ಕಾಣುವುದಿಲ್ಲ. ಅಪ್ಪನ ಬಲಗಣ್ಣಿನಲ್ಲಿ ಕೆಲಸ ಕೆಟ್ಟಾಗಿದೆ, ಅದನ್ನು ಹಿಂದಕ್ಕೆ ತರಲು ಬರುವುದಿಲ್ಲ. ಎಡಗಣ್ಣು ಇನ್ನೂ ಚೆನ್ನಾಗಿದೆ. ಕಾಯಬೇಕಾದದ್ದು ಅದನ್ನು.

"ಹ್ಯಾಗೆ ಕಾಯುವುದು?" ಎಂದು ಕೇಳಿದೆ.

ಆ ಸಾಸಿವೆ ಕಾಳಿನಷ್ಟು ಜಾಗದ ಮೇಲೆ ದೇವರು ಒಂದು ತೆಳ್ಳಗಿನ ಹಳದಿ ಬಣ್ಣ ಬಳಿದಿದ್ದಾನೆ ಅಂದರು ಡಾಕ್ಟರು. ಬಿಸಿಲಿನ ಕೆಟ್ಟ ಬೆಳಕನ್ನು ಅದು ತಡೆಯುತ್ತದೆ. ಆ ಬಣ್ಣವನ್ನು ಮೈ ತಾನಾಗಿ ತಯಾರಿಸುವುದಿಲ್ಲ, ತಿಂದದ್ದರಿಂದಲೇ ಬರಬೇಕು. ಹಸಿರು ತಪ್ಪಲಿನಿಂದ, ಗೋವಿನಜೋಳದಿಂದ, ತತ್ತಿಯ ಹಳದಿಯಿಂದ. ಬಣ್ಣ ತೆಳುವಾದವರಿಗೆ ಈ ರೋಗದ ಭಯ ಹೆಚ್ಚೆಂದು ಈಗೀಗ ತಿಳಿದವರು ಹೇಳುತ್ತಿದ್ದಾರೆ. ಖಾತ್ರಿ ಎಂದು ತಾನು ಹೇಳುವುದಿಲ್ಲ, ಆದರೆ ಮೆಂತ್ಯ, ಪಾಲಕ, ರಾಜಗಿರಿ ತಿಂದು ಕೆಟ್ಟವರಿಲ್ಲ. ಸಿಗರೇಟು ಮಾತ್ರ ಇವತ್ತೇ ಬಿಡಬೇಕು. ಕಡೆಗೆ ಒಂದು ಝೆರಾಕ್ಸ್ ಹಾಳೆ ಕೊಟ್ಟರು. ಅದರ ತುಂಬ ಸಣ್ಣ ಚೌಕಗಳು, ನಡುವೆ ಒಂದು ಚುಕ್ಕೆ. ದಿನಾ ಮುಂಜಾನೆ ಓದುವ ಚಾಳೀಸು ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಆ ಚುಕ್ಕೆ ನೋಡಬೇಕು. ಎಡಗಣ್ಣಿಗೆ ಗೆರೆ ಬಾಗಿ ಕಂಡ ದಿನವೇ ಓಡಿ ಬರಬೇಕು. ತಡ ಮಾಡಿದರೆ ಏನೂ ಮಾಡಲಾಗುವುದಿಲ್ಲ.

ನಾವು ಹೊರಗೆ ಬಂದಾಗ ಅವ್ವ ಎದ್ದು ನಿಂತು, "ಏನಂದ್ರು?" ಎಂದಳು. ಅಪ್ಪ ಚೀಲದಿಂದ ಬಾಟಲಿ ತೆಗೆದುಕೊಂಡು ನೀರು ಕುಡಿದರು.

"ತತ್ತಿ ತಿನ್ನಂತಾನ ಭಾಡ್ಕೋ! ಮೂರು ತಲಿಮಾರಿನ್ಯಾಗ ಯಾರೂ ಮುಟ್ಟಿಲ್ಲ."

"ತತ್ತಿ ಬ್ಯಾಡ್ರಿ, ತಪ್ಪಲ ಪಲ್ಯ ತಿನ್ನಾಕ ಏನು?" ಅಂದೆ.

"ಕಾಶಿಯೊಳಗ ಬಿಟ್ಟೇನಿ. ಮರತೇನು?"

ಮರೆತಿರಲಿಲ್ಲ. ಮರೆಯುವಂಥದ್ದೂ ಅಲ್ಲ. ಹನ್ನೆರಡು ವರ್ಷಗಳ ಹಿಂದೆ ಗಲ್ಲಿಯ ಹತ್ತು ಜನರ ಜೊತೆ ಇಬ್ಬರೂ ಕಾಶಿಗೆ ಹೋಗಿದ್ದರು. ಕಾಶಿಗೆ ಹೋದವರು ತಮಗೆ ಬಹಳ ಇಷ್ಟವಾದ ಒಂದು ತಿನಿಸನ್ನು ಗಂಗೆಯ ದಂಡೆಯಲ್ಲಿ ಜನ್ಮಕ್ಕೆ ಬಿಟ್ಟು ಬರಬೇಕೆಂದು ನಮ್ಮ ಕಡೆ ಪದ್ಧತಿ. ಅವ್ವ ಸೀತಾಫಲ ಬಿಟ್ಟಳು. ಅವಳಿಗೆ ಸೀತಾಫಲ ಅಂದರೆ ಜೀವ, ಸೀಸನ್ನಿನಲ್ಲಿ ಬುಟ್ಟಿ ಬಂದರೆ ಮಕ್ಕಳಿಗಿಂತ ಮೊದಲು ಅವಳ ಕೈ ಹೋಗುತ್ತಿತ್ತು. ಅಪ್ಪ ಬಿಟ್ಟದ್ದು ತಪ್ಪಲ ಪಲ್ಯ. ಮೆಂತ್ಯ, ಪಾಲಕ, ರಾಜಗಿರಿ, ಪುಂಡಿ, ಹಕ್ಕರಿಕೆ, ಹಸಿರಾದದ್ದೆಲ್ಲ. ಇಷ್ಟು ದೊಡ್ಡ ತ್ಯಾಗ ಮಾಡಿದವರನ್ನು ಕಾಣೆ ಎಂದು ಜೊತೆಯವರೆಲ್ಲ ಹೊಗಳಿದರಂತೆ. ನಮ್ಮಪ್ಪ ಹುಟ್ಟಿದಾಗಿನಿಂದ ತಪ್ಪಲ ಪಲ್ಯ ಕಂಡರೆ ಮುಖ ಸಿಂಡರಿಸುತ್ತಿದ್ದವರು ಎಂಬುದು ಅವ್ವನನ್ನು ಬಿಟ್ಟರೆ ಆ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವ ಹೇಳಲಿಲ್ಲ. ಬಿಡುವುದಾದರೆ ಸಿಗರೇಟು ಬಿಡಬಹುದಿತ್ತು, ಗಂಗೆ ಬೇಡ ಅನ್ನುತ್ತಿದ್ದಳೇ?

ಊರಿಗೆ ಬಂದ ಮೇಲೆ ವ್ರತ ಇನ್ನೂ ಬೆಳೆಯಿತು. ತಾನು ತಿನ್ನುವುದಿಲ್ಲ ಅಷ್ಟೇ ಅಲ್ಲ, ಮನೆಯಲ್ಲಿ ಬೇಯಿಸುವಂತೆಯೂ ಇಲ್ಲ, ವಾಸನೆ ಮೂಗಿಗೆ ಬಿದ್ದರೆ ವ್ರತಭಂಗ ಎಂದರು. ಕೊತ್ತಂಬರಿ, ಕರಿಬೇವಿಗೆ ಮಾತ್ರ ಮಾಫಿ ಇತ್ತು. ಅದು ತಪ್ಪಲ ಅಲ್ಲ, ಒಗ್ಗರಣೆ ಅಂತೆ. ಅವ್ವನಿಗೆ ಸೀತಾಫಲದಷ್ಟೇ ಇಷ್ಟವಿದ್ದದ್ದು ಮೆಂತ್ಯದ ಪಲ್ಯ ಮತ್ತು ಜೋಳದ ನುಚ್ಚು ಹಾಕಿದ ಪುಂಡಿಪಲ್ಯ. ಗಂಗೆಗೆ ಹೇಳಿ ಬಿಟ್ಟದ್ದು ಒಂದು, ಹೇಳದೆ ಬಿಟ್ಟದ್ದು ಇನ್ನೊಂದು. ಎರಡನೆಯದನ್ನು ಯಾರೂ ತ್ಯಾಗ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಆ ಮಳೆಗಾಲ ಪೂರ್ತಿ ಮನೆಯಲ್ಲಿ ಯುದ್ಧ. ನನ್ನ ಗುರಿ ಒಂದೇ, ಅಪ್ಪನ ಎಡಗಣ್ಣು ಉಳಿಸಬೇಕು. ಪ್ರೀತಿಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವರನ್ನು ಒಮ್ಮೆಯಾದರೂ ಸೋಲಿಸಬೇಕೆಂಬ ಹಟವೇ ಅರ್ಧಕ್ಕಿಂತ ಹೆಚ್ಚಿತ್ತು. ವಾಗದರಿಯಲ್ಲಿ ಶಾಲೆಯ ಬೆನ್ನಿಗೇ ಶಿವಲಿಂಗವ್ವ ಎಂಬವಳ ಮನೆ. ಹೊಲದಿಂದ ಬರುವಾಗ ನನಗೆಂದು ಮಡಿಲಲ್ಲಿ ಏನಾದರೂ ತರುತ್ತಿದ್ದಳು. ಮಧ್ಯಾಹ್ನ ಅವಳ ಕಟ್ಟೆಯ ಮೇಲೆ ಕೂತು ಬಿಸಿ ರೊಟ್ಟಿಯ ಜೊತೆ ರಾಜಗಿರಿ ಪಲ್ಯ ತಿನ್ನುತ್ತಿದ್ದೆ. ನನ್ನ ಪಾಲಿನ ಹಸಿರು ನನಗೆ ದಿನಾ ಸಿಕ್ಕಿತು. ಒಂದು ಡಬ್ಬಿಯಲ್ಲಿ ಅವ್ವನಿಗೆ ಒಯ್ಯೋಣವೆಂದು ಒಂದು ದಿನವೂ ಹೊಳೆಯಲಿಲ್ಲ. ಒಯ್ದದ್ದು ಅಪ್ಪನಿಗೆ. ಜುಲೈಯಲ್ಲಿ ಒಂದು ಸಂಜೆ ರಾಜಗಿರಿಯ ಎರಡು ದೊಡ್ಡ ಕಟ್ಟು ತಂದು ಅವರ ಹಲಗೆಯ ಮೇಲೆಯೇ ಇಟ್ಟೆ.

"ಗಂಗವ್ವಗ ನಾ ತಪ್ಪು ಕಾಣಿಕೆ ಕೊಡ್ತೀನ್ರಿ. ಇವತ್ತು ನೀವು ಇದನ್ನ ತಿನ್ನಬೇಕು."

ಅಪ್ಪ ಕಟ್ಟುಗಳನ್ನು ಎತ್ತಿ ಕಿಟಕಿಯಿಂದ ಅಂಗಳಕ್ಕೆ ಎಸೆದರು. ಆಗಷ್ಟೇ ಮಳೆ ಬಂದು ನಿಂತು ಕೆಸರಾಗಿತ್ತು. ಅವ್ವ ಹೋಗಿ ಎಲೆಗಳನ್ನು ಆರಿಸಿ ಸೆರಗಿನಲ್ಲಿ ತುಂಬಿಕೊಂಡು ಪಕ್ಕದ ಮನೆಯ ಆಕಳಿಗೆ ಹಾಕಿದಳು. ಹಾಕುವ ಮೊದಲು ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದದ್ದನ್ನು ನಾನು ಕಿಟಕಿಯಿಂದ ನೋಡಿದೆ. ನೋಡಿ, ಮತ್ತೆ ಅಪ್ಪನ ಕಡೆ ತಿರುಗಿ ಜಗಳ ಮುಂದುವರಿಸಿದೆ.

ಗೋವಿನಜೋಳಕ್ಕೆ ಮಾತ್ರ ಅಪ್ಪ ಒಪ್ಪಿದರು, ಯಾಕೆಂದರೆ ಅದು ರುಚಿ. ದಿನಾ ಸಂಜೆ ಅವ್ವ ಒಲೆಯ ಮುಂದೆ ಕೂತು ತೆನೆ ಸುಟ್ಟು, ಉಪ್ಪು ನಿಂಬೆ ಸವರಿ ಕೊಡುತ್ತಿದ್ದಳು. ತಾನು ಹಲ್ಲಿಗೆ ಆಗುವುದಿಲ್ಲವೆಂದು ತಿನ್ನುತ್ತಿರಲಿಲ್ಲ. ಸಿಗರೇಟು ಮುಚ್ಚಿದ ಕೋಣೆಯಲ್ಲಿ ನಡೆದೇ ಇತ್ತು. ಅದರ ಹೊಗೆಯನ್ನು ಅವ್ವನೂ ಕುಡಿದಳು, ಮೂವತ್ತೈದು ವರ್ಷ.

ಚೌಕಗಳ ಹಾಳೆಯನ್ನು ನಾನು ಗೋದಿ ಹಿಟ್ಟಿನ ಅಂಟಿನಿಂದ ಕಪಾಟಿನ ಬಾಗಿಲಿಗೆ ಅಂಟಿಸಿದ್ದೆ. ದಿನಾ ಮುಂಜಾನೆ ಶಾಲೆಗೆ ಹೋಗುವ ಮೊದಲು ಅಪ್ಪನನ್ನು ಅದರ ಮುಂದೆ ನಿಲ್ಲಿಸುವುದು, ಅವರು ನೋಡದೆ ನೋಡಿದೆ ಅನ್ನುವುದು. ನಾಗರ ಪಂಚಮಿಯ ಮುಂಚಿನ ದಿನ ಅದರ ಜಗಳವೂ ಹತ್ತಿಕೊಂಡಿತು. ಮನೆಯಲ್ಲಿ ಉಂಡಿ ಕಟ್ಟುವ ಸಡಗರ, ಎಳ್ಳು ಹುರಿದ ವಾಸನೆ, ನನಗೆ ಬಸ್ಸಿಗೆ ಹೊತ್ತಾಗಿತ್ತು.

"ಬಲಗಣ್ಣು ಮುಚ್ರಿ. ಎಡಗಣ್ಣಿಲೆ ಚುಕ್ಕಿ ನೋಡ್ರಿ. ಗೆರಿ ಹ್ಯಾಂಗ ಕಾಣತಾವ?"

ಅಪ್ಪ ಬೇಕೆಂದೇ ಎಡಗಣ್ಣು ಮುಚ್ಚಿದರು.

"ಸೊಟ್ಟ ಅವ. ಹಾಳಿನೇ ಸೊಟ್ಟ ಛಾಪಿಸ್ಯಾನ ನಿನ್ನ ಡಾಕ್ಟರ್. ಮೂವತ್ತು ವರ್ಷ ಗೆರಿ ಎಳದಾಂವಗ ಗೆರಿ ಕಲಸಾಕ ಬಂದಾನ! ಬೇಕಾದ್ರ ನಿಮ್ಮವ್ವನ್ನ ಕೇಳು. ಏ, ಬಾ ಇಲ್ಲೆ. ಇದು ಸೀದಾ ಅದನೋ ಸೊಟ್ಟ ಅದನೋ ಹೇಳು."

ಅವ್ವ ಬೆಲ್ಲದ ಕೈಯಲ್ಲೇ ಬಂದಳು. ಕಪಾಟಿನ ಮುಂದೆ ನಿಂತಳು. ಸ್ವಲ್ಪ ಹೊತ್ತು ನೋಡಿದಳು, ತಲೆ ಒಂದು ಕಡೆ ವಾಲಿಸಿ ಇನ್ನೊಮ್ಮೆ ನೋಡಿದಳು.

"ಹೌದವಾ ಸುಧೀ," ಅಂದಳು. "ನಡುವಿನ ಗೆರಿ ಬಾಗ್ಯಾವ."

ಅಪ್ಪ ತೊಡೆ ತಟ್ಟಿ ನಕ್ಕರು. ನನ್ನ ಮೈಯೆಲ್ಲ ಉರಿದು ಹೋಯಿತು.

"ನಿನಗ ನಾಚಿಕಿ ಬರೂದಿಲ್ಲೇನವಾ? ಅವರು ಹಗಲನ್ನ ರಾತ್ರಿ ಅಂದ್ರ ನೀನೂ ರಾತ್ರಿ ಅಂತಿ. ಇಡೀ ಜನ್ಮ ಹಿಂಗs ಹೂಂ ಅಂದು ಅಂದು ಅವರನ್ನ ಹಾಳ ಮಾಡಿದಿ. ಅವರು ಕುರುಡ ಆದ್ರ ಅದು ನಿನ್ನ ಪಾಪ, ತಿಳಕೋ!"

ಅವ್ವ ಏನೋ ಹೇಳಲು ಬಾಯಿ ತೆರೆದಳು. "ನನಗ ಖರೇನ..." ಎಂದಳು. ನಾನು ಚೀಲ ಎತ್ತಿಕೊಂಡು ಬಾಗಿಲು ದಡಾರನೆ ಹಾಕಿ ಹೊರಟೆ. ಬಸ್ಸಿನಲ್ಲಿ ವಾಗದರಿ ಬರುವವರೆಗೂ ಮನಸ್ಸಿನಲ್ಲಿ ಅವಳಿಗೇ ಬಯ್ಯುತ್ತಿದ್ದೆ. ಅಪ್ಪನ ಮೇಲೆ ಬರಬೇಕಾದ ಸಿಟ್ಟು ಅವ್ವನ ಮೇಲೆ ಹಾಕುವುದು ಸುಲಭ. ಅವಳು ತಿರುಗಿ ಬಯ್ಯುವುದಿಲ್ಲ.

ಶ್ರಾವಣ ಕಳೆಯಿತು. ಅಕ್ಕಿಯಲ್ಲಿ ಹರಳು ಬರತೊಡಗಿದವು. ಅಪ್ಪ ತಾಟು ಸರಿಸಿ ಕಣ್ಣು ಎಲ್ಲಿಟ್ಟು ಆರಿಸಿದಿ ಎಂದು ಕೂಗಿದರು. ಈ ಒಂದು ವಿಷಯದಲ್ಲಿ ನಾನೂ ಅವರ ಕಡೆಯೇ ಇದ್ದೆ, ಯಾಕೆಂದರೆ ಹರಳು ನನ್ನ ಹಲ್ಲಿಗೂ ಸಿಕ್ಕಿತ್ತು. ಬಾಗಿಲ ಮುಂದೆ ಅವ್ವ ಹಾಕುತ್ತಿದ್ದ ಹದಿನೈದು ಚುಕ್ಕೆಯ ರಂಗೋಲಿ ಒಂಬತ್ತಾಯಿತು, ಐದಾಯಿತು, ಕಡೆಗೆ ಹೊಸ್ತಿಲಿಗೆ ಎರಡು ಗೆರೆ ಮಾತ್ರ. ಕೇಳಿದರೆ, "ಮಳಿ ಬರತದ, ಅಳಿಸಿ ಹೋಗತದ, ಯಾಕ ಸುಮ್ನ," ಅಂದಳು. ಆ ವರ್ಷ ಸೆಪ್ಟೆಂಬರಿನಲ್ಲಿ ನಿಜವಾಗಿಯೂ ಮಳೆ ಜೋರಾಗಿತ್ತು. ಬೋರಿ ನದಿ ತುಂಬಿ ಬಂತು, ಕುರನೂರ ಧರಣದ, ಅಂದರೆ ಅಣೆಕಟ್ಟಿನ, ನೀರು ನೋಡಲು ಊರಿಗೆ ಊರೇ ಟೆಂಪೋ ಮಾಡಿಕೊಂಡು ಹೋಯಿತು. ಅವ್ವನನ್ನೂ ಕರೆದೆ. "ನೀವು ನೋಡಿ ಬರ್ರಿ. ನಾ ಏನ್ ನೋಡ್ಲಿ?" ಅಂದಳು. ಹೆಂಗಸರು ಹಾಗೆ ಅನ್ನುತ್ತಾರೆ, ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಮನೆ ಕಾಯುತ್ತಾರೆ. ನಾವು ಹೋಗಿ ನೀರು ನೋಡಿ ಬಂದೆವು. ಅಪ್ಪ ಒಂದು ಕಣ್ಣು ಮುಚ್ಚಿ ಧರಣದ ಗೋಡೆ ಬಾಗಿದೆ ಅಂದರು.

ದೀಪಾವಳಿಗೆ ನಾನು ಸೋಲಾಪುರದಲ್ಲಿದ್ದೆ. ರಜೆ ಮುಗಿಸಿ ಸೋಮವಾರ ಹತ್ತು ಗಂಟೆಯ ಬಿಸಿಲಿನಲ್ಲಿ ತವರಿನ ಬಾಗಿಲಿಗೆ ಬಂದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಕಡೆ ಮುಖ ಎತ್ತಿದಳು.

"ಯಾರು ಬೇಕ್ರಿ?" ಅಂದಳು.

ನಗೆಚಾಟಿಕೆ ಇರಬೇಕೆಂದು ನಾನು ನಕ್ಕೆ. ದನಿ ಕೇಳಿದ ಮೇಲೆ, "ಬಂದೇನವಾ?" ಎಂದು ಎದ್ದಳು. ನಾನು ಅವಳ ಎರಡೂ ತೋಳು ಹಿಡಿದುಕೊಂಡೆ. ಅವಳು ನನ್ನ ಕಿವಿಯ ಕಡೆ ನೋಡುತ್ತಿದ್ದಳು.

"ಅವ್ವಾ, ನಾ ಕಾಣವಲ್ನೇನು?"

"ಕಾಣತಿ. ಬಳಿ ಕಾಣತಾವ, ಸೀರಿ ಅಂಚು ಕಾಣತದ. ಮಾರಿ ಇರೂ ಕಡೆ ಹೊಗಿ ಹಿಡದಾಂಗ ಅದ, ಅಷ್ಟೇ."

ಮುಂದಿನ ಬಸ್ಸಿಗೇ ಸೋಲಾಪುರಕ್ಕೆ ಕರೆದೊಯ್ದೆ. ಅದೇ ಬೆಂಚು. ಈ ಸಲ ಚೀಲ ನನ್ನ ತೊಡೆಯ ಮೇಲೆ. ಡಾಕ್ಟರು ದೀಪ ಹಿಡಿದು ನೋಡಿದರು, ಅಪ್ಪನಿಗಿಂತ ಹೆಚ್ಚು ಹೊತ್ತು. ಬಲಗಣ್ಣು ಹೋಗಿ ಎರಡು ಮೂರು ವರ್ಷವೇ ಆಗಿರಬೇಕು ಅಂದರು. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಹೋದದ್ದು ಎಷ್ಟೋ ಜನಕ್ಕೆ ತಿಳಿಯುವುದೇ ಇಲ್ಲ. ಈಗ ಎಡದ್ದೂ ಮುಗಿದಿದೆ, ಒಳಗೆ ರಕ್ತ ಒಸರಿ ಗಾಯದ ಕಲೆಯಾಗಿದೆ. ಆಮೇಲೆ ನನಗೆ ತರ್ಜುಮೆ ಮಾಡಲು ಹೇಳಿ ಅವ್ವನನ್ನು ಕೇಳಿದರು, ಗೆರೆಗಳು ಬಾಗಿ ಕಾಣಲು ಶುರುವಾಗಿ ಎಷ್ಟು ದಿನವಾಯಿತು?

ಅವ್ವನಿಗೆ ಅಷ್ಟು ಮರಾಠಿ ಬರುತ್ತಿತ್ತು. ನಾನು ತರ್ಜುಮೆ ಮಾಡುವ ಮೊದಲೇ ನನ್ನ ಕಡೆ ತಿರುಗಿ ಉತ್ತರ ಕೊಟ್ಟಳು.

"ಪಂಚಮಿ ಮುಂದ ಸುರು ಆತಲ್ಲ. ನಿನಗ ಹೇಳಿದ್ನೆಲ್ಲವಾ."

ಡಾಕ್ಟರು ನನ್ನ ಮುಖ ನೋಡಿದರು. ಪಂಚಮಿಗೇ ಬಂದಿದ್ದರೆ? ಎಂದು ನಾನು ಮರಾಠಿಯಲ್ಲಿ ಕೇಳಿದೆ. ದೊಡ್ಡ ಊರಿಗೆ ಕಳಿಸಿ ಲೇಸರ್ ಮಾಡಿಸಲು ಬರುತ್ತದೋ ನೋಡಬಹುದಿತ್ತು, ಉಳಿಯುತ್ತಿತ್ತೆಂದು ಖಾತ್ರಿ ಕೊಡಲಾರೆ ಅಂದರು. ಹನ್ನೆರಡು ವರ್ಷ ಹಸಿರು ತಿನ್ನದಿದ್ದದ್ದಕ್ಕೆ ಹೀಗಾಯಿತೇ? ಎಂದೆ. ಅದೂ ಒಂದು ಕಾರಣ ಇರಬಹುದು, ಇರಲಿಕ್ಕಿಲ್ಲ, ಒಬ್ಬರ ವಿಷಯದಲ್ಲಿ ಹಾಗೆ ಬೊಟ್ಟು ಮಾಡಿ ಹೇಳಲು ಬರುವುದಿಲ್ಲ ಅಂದರು. ಪ್ರಾಮಾಣಿಕ ಮನುಷ್ಯ. ಬೊಟ್ಟು ಮಾಡಿ ಹೇಳಿಬಿಟ್ಟಿದ್ದರೆ ನಾನು ಎಲ್ಲವನ್ನೂ ಅಪ್ಪನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದೆ. ಆ ಸುಖವನ್ನೂ ಅವರು ನನಗೆ ಕೊಡಲಿಲ್ಲ.

ಬರುವಾಗ ಸ್ಟ್ಯಾಂಡಿನ ಹೊರಗೆ ನಾಲ್ಕು ಕಟ್ಟು ಮೆಂತ್ಯ ಕೊಂಡೆ. ಮನೆಗೆ ಬಂದು ಅಪ್ಪನ ಮುಂದೆಯೇ ಅಡುಗೆಮನೆಗೆ ಒಯ್ದೆ. ಈ ಸಲ ಅವರು ಎಸೆದರೆ ಏನು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಟ್ಟಿದ್ದೆ. ಹೇಳಬೇಕಾದ ಒಂದೊಂದು ಮಾತೂ ನಾಲಗೆಯ ತುದಿಯಲ್ಲಿತ್ತು. ಅವರು ಎಸೆಯಲಿಲ್ಲ. ಡಾಕ್ಟರು ಅಂದದ್ದನ್ನೆಲ್ಲ ಕೇಳಿಸಿಕೊಂಡರು. ಸಿಗರೇಟು ಕಿಟಕಿಯ ಅಂಚಿಗೆ ಒತ್ತಿ ಆರಿಸಿದರು.

"ಮತ್ತ ತಿನ್ನಬೇಕಿತ್ತಿಲ್ಲೋ ಅಕಿ," ಅಂದರು. "ಕಾಶಿಯೊಳಗ ಬಿಟ್ಟಾಂವ ನಾನು. ಅಕಿಗ್ಯಾರು ಬ್ಯಾಡ ಅಂದಿದ್ರು?"

ಅವರು ಸುಳ್ಳು ಹೇಳುತ್ತಿರಲಿಲ್ಲ ಎಂಬುದೇ ನನ್ನ ಹೊಟ್ಟೆ ಉರಿಯುವ ಮಾತು. ಆ ಹನ್ನೆರಡು ವರ್ಷ ತಾನು ಯಾರಿಗೂ ಏನನ್ನೂ ಬೇಡ ಅಂದಿಲ್ಲವೆಂದು ಅವರು ನಿಜವಾಗಿಯೂ ನಂಬಿದ್ದರು.

ಕಪಾಟಿನ ಮೇಲಿನ ಹಾಳೆಯನ್ನು ಹರಿದುಹಾಕಲು ಹೋದೆ. "ಇರಲಿ ಬಿಡವಾ, ಅವರಿಗೆ ಬೇಕಾಗತದ," ಅಂದಳು ಅವ್ವ. ಅವಳು ಹೇಳಿದ್ದು ಸರಿಯೇ ಆಯಿತು. ಅವ್ವನನ್ನು ನೋಡಿ ಅಪ್ಪನಿಗೆ ಒಳಗೊಳಗೆ ಭಯ ಹೊಕ್ಕಿತು. ಅವತ್ತಿನಿಂದ ದಿನಾ ಮುಂಜಾನೆ, ಯಾರೂ ಹೇಳದೆ, ಮುಚ್ಚಬೇಕಾದ ಕಣ್ಣನ್ನೇ ಮುಚ್ಚಿ ಆ ಹಾಳೆ ನೋಡುತ್ತಿದ್ದರು. ಸಿಗರೇಟನ್ನೂ ಬಿಟ್ಟರು, ಕಾಶಿಗೆ ಹೋಗದೆಯೇ. ಅವರ ಎಡಗಣ್ಣು ಕಡೆಯವರೆಗೂ ಚೆನ್ನಾಗಿತ್ತು. ಎಂಬತ್ತೊಂದನೆಯ ವಯಸ್ಸಿನಲ್ಲಿ ಹೋಗುವ ವಾರದವರೆಗೂ ಪೇಪರು ಓದಿದರು, ಅದರಲ್ಲಿ ತಪ್ಪು ಹುಡುಕಿ ಅವ್ವನಿಗೆ ಕೂಗಿ ಹೇಳಿದರು. ಅವ್ವ ಅವರ ದನಿ ಬಂದ ಕಡೆಗೆ, ಸ್ವಲ್ಪ ಓರೆಯಾಗಿ, ಮುಖ ಮಾಡಿ ಹೂಂ ಅನ್ನುತ್ತಿದ್ದಳು.

ಆ ವರ್ಗದ ವರ್ಷ ಮುಗಿದು ನಾನು ಸೋಲಾಪುರಕ್ಕೆ ಮರಳುವ ಹಿಂದಿನ ದಿನ ಅವ್ವನ ಜೊತೆ ಕಟ್ಟೆಯ ಮೇಲೆ ಕೂತಿದ್ದೆ. ಅವಳ ಮುಂದೆ ಮೊರದ ತುಂಬ ಮೆಂತ್ಯ. ಕಣ್ಣು ಎದುರುಮನೆಯ ಗೋಡೆಯ ಕಡೆ, ಬೆರಳು ಎಲೆಯ ಮೇಲೆ. ಹಳದಿ ಎಲೆ, ಹುಲ್ಲಿನ ಕಡ್ಡಿ ಒಂದೂ ತಪ್ಪದೆ ಬೇರೆ ಮಾಡುತ್ತಿದ್ದಳು. ಆರು ತಿಂಗಳಿನಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಅವತ್ತು ಕೇಳಿದೆ.

"ಅವ್ವಾ, ಅವತ್ತು ನಾ ಬಾಗಲಾ ಬಡದು ಹ್ವಾದೆ ಖರೆ. ಸಂಜಿಗೆ ಮತ್ತ ಬಂದ್ನೆಲ್ಲ. ಮರುದಿನಾನೂ ಇದ್ದೆ. ಇನ್ನೊಮ್ಮೆ ಯಾಕ ಹೇಳಲಿಲ್ಲ ನೀ?"

ಅವ್ವನ ಬೆರಳು ನಿಲ್ಲಲಿಲ್ಲ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

"ನಿಮ್ಮಿಬ್ಬರದೂ ಜಗಳ ನಡದಿತ್ತಲ್ಲವಾ," ಅಂದಳು. "ಅವರ ಕಣ್ಣಿಂದು. ನಡುವ ನಂದೇನ್ ಹೇಳೂದು ಅಂತ ಸುಮ್ನಾದೆ."